ಲೆಕ್ಕಕ್ಕೆ ಬಾರದ ಹಸಿ ಎಣ್ಣೆ

ಈ ಘಟನೆಯಲ್ಲಿ ಎಷ್ಟು ಭಾಗ ನಿಜವಾಗಿ ನಡೆಯಿತು, ಎಷ್ಟನ್ನು ನಾನೇ ಆಮೇಲೆ ಕಟ್ಟಿಕೊಂಡೆ ಎಂಬುದು ನನಗೆ ಪೂರ್ತಿ ಗೊತ್ತಿಲ್ಲ. ಯಾರು ಏನೇ ಹೇಳಿದರೂ ಕಾಗದ ತೋರಿಸಿ ಎನ್ನುವುದು ವಿಶ್ವವಿದ್ಯಾಲಯದ ದಿನಗಳಿಂದ ನನಗೆ ಅಂಟಿದ ಚಟ. ಆದರೆ ನನ್ನ ಸ್ವಂತ ನೆನಪಿಗೆ ಮಾತ್ರ ಬಹಳ ವರ್ಷ ಆ ನಿಯಮ ಹಚ್ಚಲಿಲ್ಲ. ಆದ್ದರಿಂದ ಇಲ್ಲಿ ಬರೆದಿಟ್ಟಿದ್ದ ವಿಷಯವನ್ನು ಬರೆದಿಟ್ಟದ್ದು ಎಂದೂ, ಬರೀ ನೆನಪನ್ನು ನೆನಪು ಎಂದೂ ಹೇಳುತ್ತ ಹೋಗುತ್ತೇನೆ.

1982ರಲ್ಲಿ ನಾನು ಕುಷ್ಟಗಿಯ ಸರಕಾರಿ ದವಾಖಾನೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಆಗ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. ನಾನು ಯಲಬುರ್ಗಾ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವನು. ಇದನ್ನು ಮರೆಯದಿರಿ, ಮುಂದೆ ಬೇಕಾಗುತ್ತದೆ. ದವಾಖಾನೆಯಲ್ಲಿ ನನ್ನ ಬಲಗೈ ಕಂಪೌಂಡರ್ ರಾಜಾಸಾಬ. ಔಷಧಿ ಕೊಡುವುದು, ಮೂತ್ರ ಪರೀಕ್ಷೆ ಮಾಡುವುದು, ಹೊರರೋಗಿಗಳ ರಿಜಿಸ್ಟರ್ ಬರೆಯುವುದು ಮೂರೂ ಅವನದೇ ಕೆಲಸ. ಯಾವುದನ್ನೂ ಬರೆಯದೆ ಬಿಡುವ ಮನುಷ್ಯ ಅವನಲ್ಲ.

ಪ್ರತಿ ಬುಧವಾರ ನಾನು ಬೇವೂರಿಗೆ ಹೋಗಿ ಮಕ್ಕಳಿಗೆ ಲಸಿಕೆ ಹಾಕಿ ಬರಬೇಕಿತ್ತು. ಲಸಿಕೆ ತಂಪಿನಲ್ಲಿರಬೇಕು. ಒಂದು ಥರ್ಮಾಸ್ ಫ್ಲಾಸ್ಕಿನಲ್ಲಿ ಐಸ್ ತುಂಬಿ, ನಡುವೆ ಸೀಸೆಗಳನ್ನಿಟ್ಟು ಒಯ್ಯುತ್ತಿದ್ದೆ. ಮೇ ತಿಂಗಳ ಒಂದು ಬುಧವಾರ ಕೆಲಸ ಮುಗಿಸಿ, ಉಳಿದ ಸೀಸೆಗಳೊಂದಿಗೆ ಬೇವೂರಿನ ರಸ್ತೆಗೆ ಬಂದು ನಿಂತೆ. ಕುಷ್ಟಗಿಯ ಬಸ್ಸು ಬಂತು. ಕೊಡೆ ಎತ್ತಿ ಬೀಸಿದೆ. ಬಸ್ಸು ನಿಲ್ಲಲಿಲ್ಲ. ಮುಂದಿನ ಬಸ್ಸು ಎರಡೂವರೆ ತಾಸಿನ ನಂತರ. ಅಷ್ಟು ಹೊತ್ತಿಗೆ ಐಸ್ ನೀರಾಗಿ, ನೀರು ಬಿಸಿಯಾಗಿ, ಲಸಿಕೆ ಕೆಟ್ಟಿತ್ತು. ಮೇಲಿನವರು ಕಾರಣ ಕೇಳಿ ಮೆಮೊ ಕಳಿಸಿದರು. ನಾನು ಕೊಟ್ಟ ಉತ್ತರ ಅವರಿಗೆ ಸರಿಬೀಳಲಿಲ್ಲ. ನನ್ನ ಸೇವಾ ಪುಸ್ತಕದಲ್ಲಿ ಕೆಂಪು ಮಸಿಯಲ್ಲಿ ಒಂದು ಸಾಲು ಬಿತ್ತು. ಇಷ್ಟೆಲ್ಲ ಕಾಗದದಲ್ಲಿದೆ.

ಬರೀ ನೆನಪಿನಲ್ಲಿರುವುದು ಡ್ರೈವರನ ಮುಖ. ದಪ್ಪ ಮೀಸೆ, ಕೊರಳಿಗೆ ಕೆಂಪು ಚೌಕಳಿಯ ಟವೆಲ್. ಕಿಟಕಿಯಿಂದ ನನ್ನತ್ತ ನೋಡಿ ನಕ್ಕ ಎಂದು ನನ್ನ ನೆನಪು. ಬಿಸಿಲಿಗೆ ಮುಖ ಕಿವುಚಿದ್ದೂ ಇರಬಹುದು. ಆದರೆ ನಾನು ಆ ನಗುವನ್ನೇ ಮನೆಗೆ ತಂದೆ. ಊಟಕ್ಕೆ ಕುಳಿತಾಗ, ಮೆಮೊಗೆ ಉತ್ತರ ಬರೆಯುವಾಗ, ಸೇವಾ ಪುಸ್ತಕ ಕಂಡಾಗಲೆಲ್ಲ ಅದನ್ನು ಹೊರತೆಗೆದು ನೋಡುತ್ತಿದ್ದೆ. ಒಂದಲ್ಲ ಒಂದು ದಿನ ಅವನು ನನ್ನ ಬಾಗಿಲಿಗೆ ಬಂದೇ ಬರುತ್ತಾನೆ ಎಂದುಕೊಂಡೆ.

ಸೆಪ್ಟೆಂಬರಿನಲ್ಲಿ ಬಂದ. ದಪ್ಪ ಮೀಸೆ, ಕೆಂಪು ಚೌಕಳಿಯ ಟವೆಲ್. ಹೆಸರು ಯಮನೂರಪ್ಪ, ವಯಸ್ಸು ನಲವತ್ತೆರಡು, ಬಸ್ ಡ್ರೈವರ್. ಕೈಯಲ್ಲಿ ಡಿಪೋದ ಪತ್ರವಿತ್ತು. ನೀರಡಿಕೆ, ಕಾಲಿನಲ್ಲಿ ಜುಮು ಜುಮು ಎನ್ನುತ್ತಿದ್ದಾನೆ, ಬಸ್ ನಡೆಸಲು ಯೋಗ್ಯನೋ ಅಲ್ಲವೋ ತಿಳಿಸಿರಿ ಎಂದು ಕೇಳಿದ್ದರು.

"ಹಿಂದಕೊಮ್ಮೆ ಬಂದಿದ್ನಿ ಸಾಹೇಬ್ರ," ಅಂದ, ಸ್ಟೂಲಿನ ಮೇಲೆ ಕೂಡುತ್ತ. "ನೀವ ಸಿಗಲಿಲ್ಲ."

ನನಗೆ ಅದು ಚುಚ್ಚು ಮಾತಿನಂತೆ ಕೇಳಿಸಿತು. ನನ್ನನ್ನು ರಸ್ತೆಯ ಮೇಲೆ ಬಿಟ್ಟು ಹೋದವನೇ, ನಾನು ಸಿಗಲಿಲ್ಲ ಎನ್ನುತ್ತಾನೆ! ತೂಕದ ಯಂತ್ರ ತೋರಿಸಿದೆ. ಎತ್ತರ ಐದು ಅಡಿ ಆರು ಇಂಚು, ತೂಕ 94 ಕೆಜಿ. ಮೂತ್ರದಲ್ಲಿ ಸಕ್ಕರೆ ನೋಡಲು ಆಗ ಬೆನೆಡಿಕ್ಟ್ ಪರೀಕ್ಷೆ ಮಾಡುತ್ತಿದ್ದೆವು. ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕುದಿಸಿದರೆ, ಸಕ್ಕರೆ ಇಲ್ಲದಿದ್ದಲ್ಲಿ ನೀಲಿಯೇ ಉಳಿಯುತ್ತದೆ. ಇದ್ದರೆ, ಅದು ಹೆಚ್ಚಿದಷ್ಟೂ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಯ ಕೆಂಪು. ರಾಜಾಸಾಬ ತಂದ ನಳಿಕೆಯಲ್ಲಿ ಇಟ್ಟಿಗೆಯೇ ಇತ್ತು.

ಮಾತ್ರೆ ಬರೆದೆ. ಆಮೇಲೆ ಆಹಾರದ ಚೀಟಿ. ಆ ಚೀಟಿ ಬರೆಯುವಾಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಸಕ್ಕರೆ, ಬೆಲ್ಲ ಬಂದ್. ಅನ್ನ ಬಂದ್. ಕರಿದ ಪದಾರ್ಥ ಪೂರ್ತಿ ಬಂದ್. ಬಸ್ ಸ್ಟ್ಯಾಂಡಿನ ಮಿರ್ಚಿ ಭಜಿಯನ್ನು ಹೆಸರು ಹಿಡಿದು ಬರೆದು ಅಡಿಗೆರೆ ಎಳೆದೆ. ಊಟಕ್ಕೆ ಒಂದೇ ಜೋಳದ ರೊಟ್ಟಿ. ದಿನಕ್ಕೆ ಒಂದೂವರೆ ಸಾವಿರ ಕ್ಯಾಲೊರಿ ದಾಟಬಾರದೆಂಬುದು ನನ್ನ ಲೆಕ್ಕ. ಕ್ಯಾಲೊರಿ ಅಂದರೆ ಆಹಾರ ಮೈಗೆ ಕೊಡುವ ಶಕ್ತಿಯ ಅಳತೆ. ಖರ್ಚಾಗದೆ ಉಳಿದದ್ದು ಕೊಬ್ಬಾಗಿ ಕೂಡುತ್ತದೆ.

"ಒಂದು ರೊಟ್ಟಿಗೆ ಹೊಟ್ಟಿ ಹ್ಯಾಂಗ ತುಂಬಬೇಕ್ರಿ? ಸ್ಟೇರಿಂಗ್ ತಿರುವಾಕ ರಟ್ಟ್ಯಾಗ ಕಸುವು ಬೇಕಲ್ರಿ."

"ಹಸಿ ತರಕಾರಿ ತಿನ್ನು," ಎಂದು ಚೀಟಿಯ ಕೊನೆಗೆ ಇನ್ನೊಂದು ಸಾಲು ಸೇರಿಸಿದೆ: 'ಹಸಿ ತರಕಾರಿಯ ಪಚಡಿ, ಹೊಟ್ಟೆ ತುಂಬುವಷ್ಟು.'

ಒಂದು ತಿಂಗಳ ನಂತರ ಬಂದಾಗ ತೂಕ 95. ನಳಿಕೆ ಮತ್ತೆ ಕೆಂಪು. ವೈದ್ಯನಿಗೆ ಆಗಬೇಕಾದ ಚಿಂತೆ ನನಗಾಗಲಿಲ್ಲ. ಸಿಕ್ಕಿಬಿದ್ದ ಎಂಬ ಹಿಗ್ಗು ಆಯಿತು. ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ, "ಯಾರ ಮುಂದ ಸುಳ್ಳು ಹೇಳಾಕತ್ತೀಯಪಾ?" ಎಂದೆ. ಅವನು ದೇವರಾಣೆ ಹಾಕಿದ. ಆಣೆಯನ್ನು ಅಳೆಯುವ ನಳಿಕೆ ನನ್ನಲ್ಲಿಲ್ಲ ಎಂದೆ. ಯಾರೋ ನಕ್ಕರು. ಆ ನಗು ನನಗೆ ಹಿತವಾಗಿತ್ತು.

ನವೆಂಬರಿನಲ್ಲಿ ಹೆಂಡತಿ ದ್ಯಾಮವ್ವನನ್ನೂ ಕರೆದುಕೊಂಡು ಬಂದ. ತೂಕ ತೊಂಬತ್ತಾರೂವರೆ. ನಾನು ಈಗ ಅವಳ ಕಡೆ ತಿರುಗಿದೆ.

"ಕದ್ದು ಮುಚ್ಚಿ ಏನ ತಿನಸ್ತೀಯವ್ವ ಗಂಡಗ? ಅವನ್ನ ಕೊಂದ ಬಿಡ್ತಿ ನೀನು."

ಅವಳು ಸೆರಗು ಸರಿಮಾಡಿಕೊಂಡು ನನ್ನ ಮೇಜಿನ ತುದಿಗೇ ಬಂದು ನಿಂತಳು. "ಎರಡ ತಿಂಗಳಾತ್ರಿ ನಮ್ಮ ಮನ್ಯಾಗ ಒಲಿ ಮ್ಯಾಲ ಬಾಣಲಿ ಇಟ್ಟಿಲ್ಲ. ಮಕ್ಕಳು ಭಜಿ ಅಂತ ಅತ್ತರೂ ಇಟ್ಟಿಲ್ಲ. ನಂಬಿಕಿ ಇಲ್ಲಂದ್ರ ಬರೂ ಐತವಾರ ಮನಿಗೆ ಬರ್ರಿ. ನಿಮ್ಮ ತಕ್ಕಡಿನೂ ತಗೊಂಡ ಬರ್ರಿ."

ಅವರು ಹೋದ ಮೇಲೆ, ಎರಡು ತಿಂಗಳಿಂದ ಹಾಗೇ ಇಟ್ಟುಕೊಂಡಿದ್ದ ಡಿಪೋದ ಪತ್ರಕ್ಕೆ ಉತ್ತರ ಬರೆದೆ. ಕೊನೆಯ ಸಾಲು: 'ರೋಗಿಯು ಚಿಕಿತ್ಸೆಗೆ ಸಹಕರಿಸುತ್ತಿಲ್ಲ, ಬಸ್ ಚಾಲನೆಗೆ ಯೋಗ್ಯನಲ್ಲ.' ಸಕ್ಕರೆ ಅಷ್ಟಿದ್ದವನು ಬಸ್ಸು ನಡೆಸಬಾರದು ಎಂಬುದು ವೈದ್ಯಕೀಯವಾಗಿ ಸರಿಯೇ. ಸಹಕರಿಸುತ್ತಿಲ್ಲ ಎಂಬ ಮಾತು ಮಾತ್ರ ವೈದ್ಯನದಾಗಿರಲಿಲ್ಲ, ಬೇವೂರಿನ ರಸ್ತೆಯ ಮೇಲೆ ನಿಂತವನದಾಗಿತ್ತು. ಚಿಕಿತ್ಸೆಯಲ್ಲಿರುವ ಡ್ರೈವರನಿಗೆ ಸ್ಟೇರಿಂಗ್ ಮರಳಿ ಸಿಗುವ ದಾರಿ ಇತ್ತು. ಚಿಕಿತ್ಸೆಯನ್ನೇ ಧಿಕ್ಕರಿಸಿದವನಿಗೆ ಇರಲಿಲ್ಲ. ಅದು ಗೊತ್ತಿದ್ದೇ ಬರೆದೆ. ನನ್ನ ಪುಸ್ತಕದಲ್ಲಿ ಒಂದು ಸಾಲು ಬಿದ್ದಿತ್ತಲ್ಲ, ಅವನದರಲ್ಲೂ ಒಂದು ಬೀಳಲಿ.

ಭಾನುವಾರ ಹೋದರೆ ತಯಾರಿ ಮಾಡಿಕೊಂಡಿರುತ್ತಾರೆ. ಹಾಗಾಗಿ ಶುಕ್ರವಾರವೇ, ಸರಿಯಾಗಿ ಊಟದ ಹೊತ್ತಿಗೆ, ದವಾಖಾನೆಯ ಸಣ್ಣ ತಕ್ಕಡಿ ಮತ್ತು ಔಷಧಿ ಅಳೆಯುವ ಗಾಜಿನ ಗ್ಲಾಸು ಹಿಡಿದು ಅವರ ಮನೆಗೆ ಹೋದೆ. ಹಿಂದೆ ರಾಜಾಸಾಬ ಕಾಗದ ಪೆನ್ಸಿಲ್ ಹಿಡಿದು ಒಲ್ಲದ ಮನಸ್ಸಿನಿಂದ ಬಂದ.

ಯಮನೂರಪ್ಪ ಆಗ ತಾನೇ ತಾಟಿನ ಮುಂದೆ ಕುಳಿತಿದ್ದ. ತಾಟಿನಲ್ಲಿ ಒಂದೇ ರೊಟ್ಟಿ. ಬುಟ್ಟಿ ನೋಡಿದೆ, ನೆಲುವಿನ ಗಡಿಗೆ ನೋಡಿದೆ, ಗೋಡೆಯ ಮಾಡದಲ್ಲಿ ಕೈ ಹಾಕಿದೆ. ಬೆಲ್ಲದ ಚೂರೂ ಇರಲಿಲ್ಲ. ಬಾಣಲಿ ಗೋಡೆಯ ಮೊಳೆಗೆ ತೂಗುತ್ತಿತ್ತು, ಒಳಗೆ ಜೇಡ ಬಲೆ ನೇಯ್ದಿತ್ತು. ಅದರ ಪಕ್ಕದ ಮೊಳೆಗೇ ನನ್ನ ಚೀಟಿ ಸಿಕ್ಕಿಸಿತ್ತು.

"ಸಿಕ್ತೇನ್ರಿ ಕಳ್ಳಮಾಲು?" ಎಂದಳು ದ್ಯಾಮವ್ವ.

ನಾನು ಸೋತು ಕುಳಿತುಕೊಳ್ಳುವ ಹೊತ್ತಿಗೆ ಅವಳು ಪರಾತ, ಅಂದರೆ ಅಂಚಿರುವ ಅಗಲ ತಾಟು, ತಂದು ಗಂಡನ ಮುಂದೆ ಇಟ್ಟಳು. ಅದರ ತುಂಬ ಪಚಡಿ. ತಪ್ಪಲು ಎಂದು ನಾವು ಕರೆಯುವ ಹಸಿ ಮೆಂತ್ಯದ ಸೊಪ್ಪು, ಹಕ್ಕರಿಕಿ, ಉಳ್ಳಾಗಡ್ಡಿ ತಪ್ಪಲು, ಸೌತೆಕಾಯಿ, ಗಜ್ಜರಿ. ಹೊಲವೇ ಮನೆಗೆ ಬಂದಂತೆ ಹಸಿರು. ನೋಡಿದರೆ ಆರೋಗ್ಯವೇ ಕುಳಿತಂತಿತ್ತು. ಅವಳು ಡಬ್ಬಿ ತೆಗೆದು ಶೇಂಗಾ ಹಿಂಡಿ, ಅಂದರೆ ಹುರಿದ ಶೇಂಗಾದ ಖಾರದ ಪುಡಿ, ಮುಷ್ಟಿಯಿಂದ ಹಾಕಿದಳು. ಒಂದಲ್ಲ, ಎರಡು ಮುಷ್ಟಿ. ಮೇಲೆ ಗುರೆಳ್ಳಿನ ಹಿಂಡಿ ಒಂದು ಮುಷ್ಟಿ. ಕೆನೆಮೊಸರು ಒಂದು ಬಟ್ಟಲು. ಕೊನೆಗೆ ಹಿತ್ತಾಳೆಯ ಸೌಟಿನಿಂದ ಗಾಣದ ಕುಸುಬೆ ಎಣ್ಣೆಯನ್ನು ಬಳ್ಳಿ ಇಳಿದಂತೆ ಸುತ್ತಲೂ ಸುರಿದಳು.

"ತಡಿಯವ್ವ," ಎಂದೆ. ಪರಾತದ ಕಡೆ ಬೆರಳು ತೋರಿಸಿದೆ. "ಎಣ್ಣಿ ಬಂದ್ ಅಂತ ಬರದಿದ್ದೆನಲ್ಲ?"

"ಕರಿದದ್ದು ಬಂದ್ ಅಂತ ಬರದೀರಿ. ಇದು ಹಸೀ ಎಣ್ಣಿ ರೀ. ಬೆಂಕಿ ಕಂಡಿಲ್ಲ ಇದು. ಮೈಗೆ ತಂಪು."

"ಇದಿಲ್ಲದ ತಿನ್ನಾಕ ಬರಂಗಿಲ್ಲೇನು?"

"ಬರೇ ತಪ್ಪಲ ದನದ ಮುಂದ ಒಗೀತಾರ್ರಿ. ದುಡದ ಬಂದ ಗಂಡಸಿನ ಮುಂದ ಹಂಗ ಇಟ್ರ ನನ್ನ ಅವ್ವ ಏನ ಕಲಿಸ್ಯಾಳ ಅಂದಾರು. ನಿಮ್ಮ ಅವ್ವ ನಿಮಗ ಹಂಗ ಹಾಕ್ತಿದ್ದಳೇನ್ರಿ?"

ಇಲ್ಲ. ನನ್ನ ಅವ್ವ ಇದಕ್ಕಿಂತ ಧಾರಾಳವಾಗಿ ಸುರಿಯುತ್ತಿದ್ದಳು. ಇಪ್ಪತ್ತು ವರ್ಷ ಅದೇ ಪಚಡಿ ತಿಂದು ಬೆಳೆದವನು ನಾನು. ಹಸಿ ಎಣ್ಣೆಯನ್ನು ನಮ್ಮ ಕಡೆ ಯಾರೂ ಎಣ್ಣೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಿಂಡಿಯನ್ನು ಶೇಂಗಾದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವು ರುಚಿಗೆ, ಮರ್ಯಾದೆಗೆ. ವೈದ್ಯಕೀಯ ಓದಿ ಬಂದ ನಾನೂ ಹಿಡಿದಿರಲಿಲ್ಲ. ಪುಸ್ತಕದಲ್ಲಿ ಓದಿದ ಹಸಿ ತರಕಾರಿಗೆ ಪಚಡಿ ಎಂದು ಹೆಸರಿಟ್ಟು ಚೀಟಿ ಬರೆದಿದ್ದೆ. ಪರಾತದಲ್ಲಿ ಏನು ಬೀಳುತ್ತದೆಂಬುದು ನನ್ನ ನಾಲಿಗೆಗೆ ಗೊತ್ತಿತ್ತು, ಪೆನ್ನಿಗೆ ಗೊತ್ತಿರಲಿಲ್ಲ.

ತೂಗಿದೆವು. ಅವಳು ಮೊದಲಿನಷ್ಟನ್ನೇ ಬೇರೆ ಬಟ್ಟಲುಗಳಿಗೆ ಹಾಕಿ ಕೊಟ್ಟಳು. ರಾಜಾಸಾಬ ಬರೆದುಕೊಂಡ ಹಾಳೆ ಇನ್ನೂ ನನ್ನಲ್ಲಿದೆ. ಎಣ್ಣೆ ಐವತ್ತೈದು ಗ್ರಾಂ. ಗ್ರಾಮಿಗೆ ಒಂಬತ್ತು ಕ್ಯಾಲೊರಿಯಂತೆ ಸುಮಾರು ಐನೂರು. ಶೇಂಗಾ ಹಿಂಡಿ ಎಪ್ಪತ್ತು ಗ್ರಾಂ, ನಾನೂರರ ಹತ್ತಿರ. ಗುರೆಳ್ಳು ಮೂವತ್ತು ಗ್ರಾಂ, ನೂರೈವತ್ತು. ಕೆನೆಮೊಸರು ಇನ್ನೊಂದು ನೂರೈವತ್ತು. ಮುಕ್ಕಾಲು ಪರಾತ ತುಂಬಿದ್ದ ತರಕಾರಿಯೆಲ್ಲ ಸೇರಿ ನೂರೈವತ್ತು ದಾಟಲಿಲ್ಲ. ಒಟ್ಟು ಸಾವಿರದ ಮುನ್ನೂರೈವತ್ತು, ಅದೂ ಒಂದು ಹೊತ್ತಿಗೆ. ಸಂಜೆ ಮತ್ತೆ ಇಷ್ಟೇ. ನಾನು ಇಡೀ ದಿನಕ್ಕೆ ಕೊಟ್ಟಿದ್ದೇ ಒಂದೂವರೆ ಸಾವಿರ. ಹಸಿವೆಯಾದಷ್ಟೂ ಅವನು ಪಚಡಿ ತಿಂದಿದ್ದ. ತೂಕ ಇಳಿದಿಲ್ಲವೆಂದು ನಾನು ಗದರಿಸಿದಷ್ಟೂ ರೊಟ್ಟಿಯಲ್ಲೂ ಚೂರು ಬಿಟ್ಟು ಪಚಡಿ ಹೆಚ್ಚು ಮಾಡಿದ್ದ. ನನ್ನ ಚೀಟಿಯನ್ನು ಅಕ್ಷರ ಅಕ್ಷರವಾಗಿ ಪಾಲಿಸಿದ ರೋಗಿ ನನ್ನ ಇಡೀ ವೃತ್ತಿಯಲ್ಲಿ ಅವನೊಬ್ಬನೇ ಇರಬೇಕು.

ಅಲ್ಲಿಯೇ ತಪ್ಪು ಒಪ್ಪಿಕೊಂಡು ಎದ್ದು ಬಂದಿದ್ದರೆ ಕಥೆ ಬೇರೆಯಾಗುತ್ತಿತ್ತು. ಸೋತವನಿಗೆ ಹಳೆಯ ಸಿಟ್ಟೇ ಆಸರೆ. "ಅದಿರಲಿ," ಎಂದೆ. "ಬ್ಯಾಸಗ್ಯಾಗ ಬೇವೂರ ಹತ್ರ ಕೈ ಮಾಡಿದ್ರೂ ಬಸ್ ನಿಲ್ಲಸಲಿಲ್ಲ ನೀನು. ನಕ್ಕೊಂತ ಹ್ವಾದಿ."

ಯಮನೂರಪ್ಪ ತುತ್ತು ಕೆಳಗಿಟ್ಟ. "ನಾನೇನ್ರಿ? ಬೇವೂರ ಲೈನ್ ನಾ ಎಂದೂ ಹೊಡದಿಲ್ಲ ಸಾಹೇಬ್ರ. ನಂದು ಗಂಗಾವತಿ ಲೈನ್."

"ಮೀಸಿ ನೋಡೀನಿ ನಾನು."

"ನಮ್ಮ ಡಿಪೋದಾಗ ಮೀಸಿ ಇಲ್ಲದಂವ ಒಬ್ಬಾಂವ ಅದಾನ್ರಿ. ಅವನ್ನ ಬಿಟ್ಟು ಯಾರನ್ನರ ಹಿಡೀರಿ."

ರಾಜಾಸಾಬ ಬಾಯಿಗೆ ಕೈ ಅಡ್ಡ ಹಿಡಿದ. ನಾನು ನಂಬಲಿಲ್ಲ. ಗಂಗಾವತಿ ಲೈನಿನವರು ಬದಲಿ ಡ್ಯೂಟಿಗೆ ಬೇರೆ ಕಡೆ ಹೋಗುವುದಿಲ್ಲವೇ? ಹೊಸ ಚೀಟಿ ಬರೆದುಕೊಟ್ಟೆ: ದಿನಕ್ಕೆ ಎರಡೇ ಚಹಾ ಚಮಚ ಎಣ್ಣೆ, ಒಂದು ಚಮಚ ಹಿಂಡಿ, ಮೊಸರಿನ ಬದಲು ಮಜ್ಜಿಗೆ, ಬೇಕಾದಷ್ಟು ನಿಂಬೆರಸ. ಚಿಕಿತ್ಸೆ ಸರಿಯಾಯಿತು. ಆದರೆ ಡಿಪೋಗೆ ಹೋದ ಆ ಸಾಲನ್ನು ತಿದ್ದುವ ಇನ್ನೊಂದು ಪತ್ರ ಬರೆಯಲಿಲ್ಲ. ಇವತ್ತು, ನಾಳೆ ಎಂದು ಹತ್ತು ದಿನವೋ ಹದಿನೈದು ದಿನವೋ ತಳ್ಳಿದೆ. ಅಷ್ಟರಲ್ಲಿ ಅವನನ್ನು ಸ್ಟೇರಿಂಗಿನಿಂದ ಇಳಿಸಿ ಬಸ್ ತೊಳೆಯಲು ಹಚ್ಚಿದರೆಂದು ಸುದ್ದಿ ಬಂತು. ಹದಿನೆಂಟು ವರ್ಷ ಬಸ್ಸು ನಡೆಸಿದವನು ಪೈಪು ಹಿಡಿದು ಬಗ್ಗಿದ್ದನ್ನು ಊಹಿಸಿಕೊಂಡೆ. ಪಾಪ ಎನಿಸಲಿಲ್ಲ. ಅವನೂ ಒಂದಿಷ್ಟು ದಿನ ಬಿಸಿಲಲ್ಲಿ ನಿಲ್ಲಲಿ ಎನಿಸಿತು. ಇದು ನೆನಪಲ್ಲ, ಊಹೆಯೂ ಅಲ್ಲ. ಇದೊಂದು ಖಚಿತ.

ನಂತರದ ಸೋಮವಾರ, ಸಂತೆಯ ದಿನವಿರಬೇಕು, ದವಾಖಾನೆ ತುಂಬಿತ್ತು. ದ್ಯಾಮವ್ವ ಸಾಲು ಹಿಡಿದು, ತನ್ನ ಪಾಳಿ ಬರುವತನಕ ಕಾದು, ನನ್ನ ಮುಂದೆ ಬಂದು ಹಳೆಯ ಚೀಟಿ ಇಟ್ಟಳು.

"ನನಗ ಅಕ್ಷರ ಬರಂಗಿಲ್ಲ ಡಾಕ್ಟರ್ ಸಾಹೇಬ್ರ. ಕಡೀ ಸಾಲು ಒಂದೀಟು ಓದಿ ಹೇಳ್ರಿ. ದನಿ ತಗದು ಓದ್ರಿ, ಅವತ್ತ ಬೈದ್ರಲ್ಲ, ಅಷ್ಟು ದನಿ."

ನಾನು ಮೆಲ್ಲಗೆ ಓದಿದೆ. ಹಿಂದೆ ನಿಂತಿದ್ದ ಮುದುಕ, "ಕೇಳಸವಲ್ದು" ಅಂದ. ಮತ್ತೊಮ್ಮೆ ಓದಬೇಕಾಯಿತು. ಹಸಿ ತರಕಾರಿಯ ಪಚಡಿ, ಹೊಟ್ಟೆ ತುಂಬುವಷ್ಟು.

"ಯಾರ ಬರದದ್ರಿ ಇದು?"

"ನಾನ."

ಅವಳು ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಪಚಡಿ. ಎಣ್ಣೆ ಮೇಲೆ ತೇಲುತ್ತಿತ್ತು. "ತಿನ್ರಿ. ಹೊಟ್ಟಿ ತುಂಬ ತಿನ್ರಿ. ಆಮ್ಯಾಲ ನಿಮ್ಮ ಯಂತ್ರದ ಮ್ಯಾಲ ನೀವ ನಿಂದರ್ರಿ. ನಿಮಗೂ ಸಹಕರಿಸವಲ್ಲ ಅಂತ ಬರೀತಾರೇನ ನೋಡೂಣು."

ನಲವತ್ತು ಜನರ ನಡುವೆ ನಗು ಎದ್ದಿತು. ಅಕ್ಟೋಬರಿನಲ್ಲಿ ಅವಳ ಗಂಡನ ಮೇಲೆ ನಾನು ಎಬ್ಬಿಸಿದ್ದ ನಗುವಿಗಿಂತ ಅದು ದೊಡ್ಡದಾಗಿತ್ತು. ಅವಳು ಮಾತ್ರ ನಗಲಿಲ್ಲ. ಡಬ್ಬಿ ಪಕ್ಕಕ್ಕೆ ಸರಿಸಿ ದನಿ ತಗ್ಗಿಸಿದಳು. "ನಮ್ಮ ಮನ್ಯಾವ್ರ ಹೆಸರಿನ ಮ್ಯಾಲ ಒಂದು ಸಾಲು ಬರದು ಕಳಿಸೀರಿ. ಅವರು ಮನ್ಯಾಗ ಮಾತ ಆಡವಲ್ರು. ಈಗ ನಾ ಇಲ್ಲೇ ನಿಂದರ್ತೀನಿ. ನೀವು ಇನ್ನೊಂದು ಸಾಲು ಬರೀರಿ."

ಬರೆದೆ. 'ಹಿಂದಿನ ವರದಿಯ ಮಾತು ಸರಿಯಲ್ಲ. ರೋಗಿಯು ಪೂರ್ತಿ ಸಹಕರಿಸಿದ್ದಾನೆ. ದೋಷ ನಾನು ಕೊಟ್ಟ ಆಹಾರದ ಚೀಟಿಯದು.' ರಾಜಾಸಾಬ ಅದನ್ನು ಓದಿ ಹೇಳಿದ. ಅವಳು ಎರಡು ಸಲ ಓದಿಸಿಕೊಂಡಳು. ಡಬ್ಬಿಯನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋದಳು.

ಮಾರ್ಚಿನ ಹೊತ್ತಿಗೆ ತೂಕ 87ಕ್ಕೆ ಇಳಿಯಿತು. ನಳಿಕೆ ಮೊದಲು ಹಳದಿ, ಆಮೇಲೆ ತಿಳಿಹಸಿರು, ಒಂದು ದಿನ ನೀಲಿ. ಯೋಗ್ಯನೆಂದು ಬರೆದುಕೊಟ್ಟೆ. ಯಮನೂರಪ್ಪನಿಗೆ ಗಂಗಾವತಿ ಲೈನ್ ಮರಳಿ ಸಿಕ್ಕಿತು. ಬೀದಿಯಲ್ಲಿ ಕಂಡರೆ ನಮಸ್ಕಾರ ಮಾಡುತ್ತಿದ್ದ. ದ್ಯಾಮವ್ವ ಮಾಡುತ್ತಿರಲಿಲ್ಲ. ಮಾಡದಿದ್ದದ್ದೇ ಸರಿ.

ಅಂದಿನಿಂದ ಏನು ಬಿಟ್ಟೆ ಎಂದು ರೋಗಿಯನ್ನು ಕೇಳುವುದನ್ನು ನಾನು ಬಿಟ್ಟೆ. ಕಲಸುವವರು ಯಾರು, ಕಲಸುವಾಗ ಏನೇನು ಬೀಳುತ್ತದೆ, ಎಷ್ಟು ಸೌಟು ಎಂದು ಕೇಳತೊಡಗಿದೆ. ಮೇಜಿನ ಮೇಲೆ ಒಂದು ಹಿತ್ತಾಳೆಯ ಸೌಟು ಇಟ್ಟುಕೊಂಡೆ. ಅದನ್ನು ತೋರಿಸಿದರೆ ಹೆಣ್ಣುಮಕ್ಕಳು ಸಂಕೋಚವಿಲ್ಲದೆ ಲೆಕ್ಕ ಹೇಳುತ್ತಿದ್ದರು. ಹಸಿರಾಗಿ ಕಂಡದ್ದೆಲ್ಲ ಹಗುರವಲ್ಲ ಎಂಬುದನ್ನು ಈ ಕೇಸು ನನಗೆ ಕಲಿಸಿತು. ರೋಗಿ ಸುಳ್ಳು ಹೇಳುತ್ತಾನೆ ಎಂದು ನನಗೆ ಖುಷಿಯಾದಾಗ ಮೊದಲು ನನ್ನ ಚೀಟಿಯನ್ನು ನೋಡಬೇಕು ಎಂಬುದನ್ನೂ ಕಲಿಸಿತು.

ಆದರೂ ಬಸ್ಸಿನ ಸಿಟ್ಟು ಒಳಗೆ ಹಾಗೆಯೇ ಇತ್ತು. ಚೀಟಿಯಲ್ಲಿ ನಾನು ತಪ್ಪಿದೆ, ನಿಜ. ಬೇವೂರಿನಲ್ಲಿ ಅವನು ತಪ್ಪಿದ್ದ. ಸಾಟಿಗೆ ಸಾಟಿ ಎಂದು ಮೂರು ವರ್ಷ ಸಮಾಧಾನ ಮಾಡಿಕೊಂಡೆ.

1985ರಲ್ಲಿ ನನಗೆ ವರ್ಗವಾಯಿತು. ಚಾರ್ಜು ಕೊಡುವಾಗ ಹಳೆಯ ರಿಜಿಸ್ಟರುಗಳನ್ನು ಕಟ್ಟುಕಟ್ಟಿ ಒಪ್ಪಿಸಬೇಕಿತ್ತು. 1982ರ ಹೊರರೋಗಿಗಳ ರಿಜಿಸ್ಟರ್ ಕೈಗೆ ಬಂತು. ಸುಮ್ಮನೆ ಮೇ ತಿಂಗಳು ತೆರೆದೆ. ಆಮೇಲೆ ಪೆಟ್ಟಿಗೆಯಿಂದ ಮೆಮೊ ಮತ್ತು ಅದಕ್ಕೆ ನಾನು ಕೊಟ್ಟ ಉತ್ತರದ ಪ್ರತಿ ತೆಗೆದು ಪಕ್ಕದಲ್ಲಿಟ್ಟು ತಾರೀಖು ಹೋಲಿಸಿದೆ. ಬಸ್ಸು ನಿಲ್ಲದೆ ಹೋದದ್ದು ಮಧ್ಯಾಹ್ನ ಮೂರೂಕಾಲಿಗೆ ಎಂದು ನಾನೇ ಬರೆದಿದ್ದೆ. ಅದೇ ಬುಧವಾರದ ಪುಟದಲ್ಲಿ, ಅರವತ್ತೊಂದನೆಯ ನಂಬರಿಗೆ, ರಾಜಾಸಾಬನ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: 'ಯಮನೂರಪ್ಪ, ಬಸ್ ಡ್ರೈವರ್. ನೀರಡಿಕೆ, ಕಾಲು ಜುಮು ಜುಮು. ಮೂತ್ರ: ಇಟ್ಟಿಗೆ ಕೆಂಪು. ಎರಡೂವರೆಯಿಂದ ಐದರವರೆಗೆ ಬೆಂಚಿನ ಮೇಲೆ ಕಾದು ಹೋದರು. ಡಾಕ್ಟರು ಬೇವೂರಿನಿಂದ ಬಂದಿರಲಿಲ್ಲ.'